ಬಲಕ್ಕೆ ಹೊಳ್ಳದ ಗಾಡಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಕರಿಬೇವಿನ ಕುಂಡದ ಪಕ್ಕ, ಒಂದು ಸವೆದ ಕಬ್ಬಿಣದ ಬಳೆ ಇದೆ. ಬಳೆ ಎಂದರೆ ಕೈಗೆ ತೊಡುವಂಥದ್ದಲ್ಲ, ಹೆಬ್ಬೆರಳೂ ಸರಿಯಾಗಿ ತೂರದ, ಯಂತ್ರದ ಕಂಬಿಗೆ ತೊಡಿಸುವ ಪುಟ್ಟ ಬುಶ್. ಹುಟ್ಟುವಾಗ ದುಂಡಗಿದ್ದಿರಬೇಕು, ಈಗ ಒಂದು ಮಗ್ಗುಲು ತೆಳ್ಳಗಾಗಿ ಅಮಾವಾಸ್ಯೆಗೆ ಹೊರಟ ಚಂದ್ರನ ಹಾಗಿದೆ. ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ. ಹುಲ್ಲು ಕತ್ತರಿಸುವ ಗಾಡಿಯದು ಎಂದರೆ ಮುಂದೆ ಕೇಳುವುದಿಲ್ಲ. ಮರ್ಸರ್ ಐಲ್ಯಾಂಡಿನಿಂದ ಬರುವ ಗೆಳತಿಯೊಬ್ಬಳು ನನಗೆ ಸಹಾಯ ಮಾಡುವ ಉತ್ಸಾಹದಲ್ಲಿ ಅದನ್ನು ಕಸದ ಬುಟ್ಟಿಗೇ ಹಾಕಿದ್ದಳು. ನಾನು ಎತ್ತಿ, ತೊಳೆದು, ಮತ್ತೆ ಅಲ್ಲೇ ಇಟ್ಟೆ. ಪಾತ್ರೆ ತೊಳೆಯುವಾಗ ಅದು ಕಣ್ಣಿಗೆ ಬೀಳುತ್ತದೆ. ಬಿದ್ದಾಗಲೆಲ್ಲ, ಒಂದು ವಸ್ತು ಒಂದೇ ಕಡೆ ಯಾಕೆ ಸವೆಯುತ್ತದೆ ಎಂಬ ಯೋಚನೆ ತಲೆಗೆ ಹತ್ತಿಕೊಳ್ಳುತ್ತದೆ.

ನೀವೂ ಒಮ್ಮೆ ಮನೆಯೊಳಗೆ ಸುತ್ತಾಡಿ ನೋಡಿ. ನನ್ನ ಬಲಗಾಲಿನ ಚಪ್ಪಲಿ ಹಿಮ್ಮಡಿಯ ಹೊರಗಡೆ ಸವೆಯುತ್ತದೆ, ಎಡಗಾಲಿನದು ಹೊಸದರಂತೆಯೇ ಇರುತ್ತದೆ. ಮೈಸೂರಿನಲ್ಲಿ ನಮ್ಮಜ್ಜಿ ಹುಳಿ ಕದಡುತ್ತಿದ್ದ ಸೌಟು ಒಂದು ಅಂಚಿನಲ್ಲಿ ಸವೆದು ಸವೆದು ಕೊನೆಗೆ ಚಾಕುವಿನಂತಾಗಿತ್ತು. ಅಜ್ಜಿ ಅದರಲ್ಲೇ ಕುಂಬಳಕಾಯಿ ಬೆಂದಿದೆಯೋ ಇಲ್ಲವೋ ಎಂದು ಕುಯ್ದು ನೋಡುತ್ತಿದ್ದರು. ಸವೆದ ವಸ್ತುವನ್ನು ನೋಡಿದರೆ ಅದನ್ನು ಬಳಸಿದವರ ಅಭ್ಯಾಸ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಪತ್ತೇದಾರಿಕೆಯ ಚಟ ಮನೆಗೂ ಅಂಟಿಕೊಂಡಿದೆ.

ಸ್ಟೀರಿಂಗಿಗೂ ನನಗೂ ಹಳೆಯ ನಂಟು. ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬ ವಕೀಲರ ಕಾರು ಎಂಜಿನ್ನಿಲ್ಲದೆ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತಿತ್ತು, ಮುಂದಿನ ಸೀಟು ನಮ್ಮದು. ನಾನು ಆ ಸ್ಟೀರಿಂಗ್ ತಿರುಗಿಸುತ್ತಾ ಊಟಿಗೆ ಹೋಗಿ, ಮೂವತ್ತಾರು ತಿರುವು ಹತ್ತಿ, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದಿರುತ್ತಿದ್ದೆ. ಆದರೆ ನಿಜವಾದ ಸೈಕಲ್ ಕೈಗೆ ಬಂದಾಗ ನನಗೆ ಎಡಕ್ಕೆ ಮಾತ್ರ ತಿರುಗಲು ಬರುತ್ತಿತ್ತು. ಬಲಕ್ಕೆ ತಿರುಗಬೇಕೆಂದರೆ ಕೈ ಸೆಟೆದುಕೊಳ್ಳುತ್ತಿತ್ತು. ಸ್ಕೂಲು ಬಲಕ್ಕಿತ್ತು. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ ಇಡೀ ಬಡಾವಣೆ ಸುತ್ತಿ ಸ್ಕೂಲು ಸೇರುತ್ತಿದ್ದೆ. ಹುಡುಗಿ ಯಾಕೆ ದಿನಾ ಲೇಟು ಎಂದು ಅಪ್ಪನಿಗೆ ಕಡೆಗೂ ಗೊತ್ತಾಗಲಿಲ್ಲ.

ಈಗ ಗಾಡಿಯ ವಿಷಯಕ್ಕೆ ಬರುತ್ತೇನೆ. ಈ ಪರದೇಶಕ್ಕೆ ಬಂದು ರೆಂಟನ್ನಿನ ಗುಡ್ಡದ ಮೇಲೆ ನಾವು ಮನೆ ಕೊಂಡಾಗ ಹಳೆಯ ಮಾಲೀಕರು ಹಿತ್ತಿಲಿನ ನಡುವೆ ಒಂದು ಅಂಜೂರದ ಮರವನ್ನೂ, ಶೆಡ್ಡಿನಲ್ಲಿ ಕೂತು ಓಡಿಸುವ ಹುಲ್ಲಿನ ಗಾಡಿಯನ್ನೂ ಬಿಟ್ಟುಹೋಗಿದ್ದರು. ಮರವನ್ನು ಹೊತ್ತೊಯ್ಯಲಾಗದೆ ಬಿಟ್ಟರು, ಗಾಡಿಯನ್ನು ಯಾಕೆ ಬಿಟ್ಟರೆಂದು ಆಮೇಲೆ ತಿಳಿಯಿತು. ನೋಡಲು ಟ್ರ್ಯಾಕ್ಟರಿನ ಮರಿಯಂತಿದೆ. ಸೀಟು, ಸ್ಟೀರಿಂಗು, ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು. ಬ್ಲೇಡಿಗೆ ಬೇರೆ ಲಿವರಿದೆ. ಬೇಕಾದರೆ ಹಾಕಿಕೊಳ್ಳಬಹುದು, ಬೇಡವಾದರೆ ಎತ್ತಿಟ್ಟು ಸುಮ್ಮನೆ ಓಡಿಸಬಹುದು. ಈ ಬೇಡವಾದರೆ ಎಂಬುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನ ಗಂಡ ಗಿರೀಶ ವಿಮಾನದ ರೆಕ್ಕೆ ಎಷ್ಟು ಬಾಗಬಹುದೆಂದು ಲೆಕ್ಕ ಹಾಕುವ ಎಂಜಿನಿಯರು. ಇಂಥವರ ಮನೆಯಲ್ಲಿ ಕುಕ್ಕರಿನ ಹಿಡಿ ಅಲ್ಲಾಡುತ್ತಿದ್ದರೆ ಅಲ್ಲಾಡುತ್ತಲೇ ಇರುತ್ತದೆ. ಮೊದಲ ಬೇಸಿಗೆಯಲ್ಲಿ ಅವನೇ ಗಾಡಿ ಹೊಡೆಯುತ್ತಿದ್ದ. ಒಂದು ಶನಿವಾರ ನನ್ನ ಅತ್ತೆ, ಅಂದರೆ ಅವನ ಅವ್ವ ಗಂಗಮ್ಮ, ಅವನಿಗೆ ಮಜ್ಜಿಗೆ ತೆಗೆದುಕೊಂಡು ಹೋದವರು ಲೋಟ ಕೊಡದೆ ಗಾಡಿಯನ್ನೇ ನೋಡುತ್ತಾ ನಿಂತರು.

"ಇದನ್ನ ಹೊಡಿಯಾಕ ಲೈಸೆನ್ಸ್ ಬೇಕೇನೋ?"

"ಬ್ಯಾಡವ್ವ."

"ಹಂಗಾದ್ರ ಇಳಿ."

ಅವನು ನಗುತ್ತಾ ಇಳಿದ. ಅತ್ತೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದರು. ಅವತ್ತಿನಿಂದ ಆ ಗಾಡಿ ಅವರದಾಯಿತು.

ಅತ್ತೆ ಅಲ್ಲಿಯವರೆಗೆ ಸೈಕಲ್ಲನ್ನೂ ಹೊಡೆದವರಲ್ಲ. ರಾಣೆಬೆನ್ನೂರಿನಲ್ಲಿ ಮಾವನ ಮೊಪೆಡ್ಡಿನ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರಂತೆ. "ನಾ ನಮ್ಮೂರು ನೋಡಿದ್ದು ಬರೀ ಎಡಮಗ್ಗಲಿಂದ" ಎನ್ನುತ್ತಾರೆ. ಹೋಗುವಾಗ ಕಿರಾಣಿ ಅಂಗಡಿ, ಬರುವಾಗ ಬಟ್ಟೆ ಅಂಗಡಿ. ಹೋಗುವಾಗ ಬಟ್ಟೆ ಅಂಗಡಿಗೆ ಅವರು ಬೆನ್ನು ಹಾಕಿರುತ್ತಿದ್ದರು. ಈ ಮಾತು ಕೇಳಿದ ದಿನ ನಾನು ನಕ್ಕಿದ್ದೆ. ಆಮೇಲೆ, ಹಾಗೆ ಕೂತು ಒಂದು ಸಲಕ್ಕೆ ಅರ್ಧ ಊರು ಮಾತ್ರ ನೋಡಿದ ಹೆಂಗಸರೆಷ್ಟಿರಬಹುದು ಎಂದು ಬಹಳ ಹೊತ್ತು ಯೋಚಿಸಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮೊಣಕಾಲು ನೋವು ಜೋರಾಗಿ, ಈಗ ಬೀದಿಯ ತುದಿಯವರೆಗೆ ನಡೆಯುವುದೂ ಕಷ್ಟ. ಗಾಡಿ ಹತ್ತಿದರೆ ಮಾತ್ರ ಗತ್ತೇ ಬೇರೆ. ಆಯುಧಪೂಜೆಗೆ ನಮ್ಮ ಕಾರುಗಳಿಗೆ ಒಂದೊಂದು ಹೂವು ಸಿಕ್ಕಿಸಿ ಕೈ ತೊಳೆದುಕೊಳ್ಳುವವರು, ಆ ಗಾಡಿಗೆ ಮಾತ್ರ ಚೆಂಡುಹೂವಿನ ಹಾರ ಹಾಕಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ.

ಈ ವರ್ಷ ಏಪ್ರಿಲ್ಲಿನಲ್ಲಿ, ಹುಲ್ಲು ನೋಡನೋಡುತ್ತಾ ಬೆಳೆಯುವ ಕಾಲದಲ್ಲಿ, ಗಾಡಿ ಕೈಕೊಟ್ಟಿತು. ಅತ್ತೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಕೆಳಗೆ ಕಟಕಟ ಎಂದು ಸದ್ದಾಗುವುದು, ಗಾಡಿ ಮಾತ್ರ ನೆಟ್ಟಗೆ ಹೋಗುವುದು. ಹಾಗೆ ನೆಟ್ಟಗೆ ಹೋಗಿ ಪಕ್ಕದ ಮನೆಯ ಕ್ಯಾರಲ್ ಅವರ ಬೇಲಿಗಿಡದೊಳಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಿರೀಶ ಬಂದು ಪರೀಕ್ಷಿಸಿದ. ಎಡಕ್ಕೆ ತಿರುಗಿಸಿದರೆ ಚೆನ್ನಾಗಿಯೇ ತಿರುಗುತ್ತಿತ್ತು.

"ಎಡಕ್ಕ ಹೊಳ್ಳತೈತಲ್ಲವ್ವ. ಇನ್ನ ಮ್ಯಾಲೆ ಎಡಕ್ಕ ಸುತ್ತು. ಆತಪ" ಎಂದ.

"ಅಪ್ರದಕ್ಷಿಣಿ ಹಾಕು ಅಂತೀ ಏನು?"

"ಹುಲ್ಲು ಕತ್ತರಸಾಕ ಎಂಥಾ ಪ್ರದಕ್ಷಿಣಿ?" ಎಂದು ಅವನು ನಕ್ಕ.

ಅತ್ತೆ ನಗಲಿಲ್ಲ. ಗಾಡಿಯ ಬೀಗದಕೈಯನ್ನು ಅವನ ಕೈಗಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮರುದಿನದಿಂದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಊಟ ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಊರಿನ ಫೋನು ಬಂದರೆ ಮಾತಾಡುತ್ತಿದ್ದರು. ಆದರೆ ತಾವಾಗಿ ಏಳುತ್ತಿರಲಿಲ್ಲ. ನನಗೆ ಭಯವಾಯಿತು. ಮೊಣಕಾಲು ನೋವಿನವರು ಒಮ್ಮೆ ಕೂತುಬಿಟ್ಟರೆ ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಎಂದು ನಮ್ಮಜ್ಜಿಯಲ್ಲಿ ನೋಡಿದ್ದೇನೆ.

ಗಿರೀಶನಿಗೆ ಅವ್ವನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವನ ಪ್ರೀತಿ ಹೊಸ ವಸ್ತು ತರಿಸುವ ಜಾತಿಯದು. "ಸುಧಾ, ಹಳೇ ಗಾಡಿ ಸಾಕು. ರೋಬೋ ಬಂದಿದೆ, ತಾನೇ ಓಡಾಡಿ ಹುಲ್ಲು ಕತ್ತರಿಸತ್ತೆ. ಅವ್ವ ಕಿಟಕೀಲಿ ಕೂತು ನೋಡ್ಬೋದು" ಎಂದ. ಕೂತು ನೋಡುವುದೇ ರೋಗವಾಗಿರುವವರಿಗೆ ಅದನ್ನೇ ಔಷಧಿಯಾಗಿ ಕೊಡುವ ಆಲೋಚನೆ. ಭಾನುವಾರದವರೆಗೆ ಆರ್ಡರ್ ಮಾಡಬೇಡ, ನಾನೊಮ್ಮೆ ಬಿಚ್ಚಿ ನೋಡುತ್ತೇನೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಿಕ್ಸಿ ಬಿಚ್ಚಿ, ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಸಿಕೊಂಡವಳೆಂಬ ಕೀರ್ತಿ ನನಗೆ ಮೊದಲೇ ಇತ್ತು.

ಶನಿವಾರ ಹಳೆಯ ಬೆಡ್‌ಶೀಟು ಹಾಸಿ, ಗಾಡಿಯ ಮುಂಭಾಗವನ್ನು ಜ್ಯಾಕಿನ ಮೇಲೆ ಎತ್ತಿ, ಅಡಿಗೆ ತೂರಿದೆ. ಒಣಹುಲ್ಲಿನ ಗಟ್ಟಿ ಹೆಂಟೆಗಳು ಮುಖದ ಮೇಲೆ ಉದುರಿದವು. ಕಂಬಿಗೆ ಆಯುಧಪೂಜೆಯ ಹೂವಿನ ಹಾರದ ದಾರ ಸುತ್ತಿಕೊಂಡಿತ್ತು. ಅದನ್ನೆಲ್ಲ ಬಿಡಿಸಿದ ಮೇಲೆ ಗಾಡಿ ತಿರುಗುವ ರಹಸ್ಯ ಕಂಡಿತು. ಎಷ್ಟು ಸರಳ ಎಂದು ನನಗೆ ನಾಚಿಕೆಯೇ ಆಯಿತು. ಸ್ಟೀರಿಂಗಿನಿಂದ ಒಂದು ಕಂಬಿ ಕೆಳಗಿಳಿದು ಬರುತ್ತದೆ. ಅದರ ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಹಲ್ಲುಚಕ್ರ. ಅದರ ಎದುರಿಗೆ ಬೀಸಣಿಗೆಯಂತೆ ಅಗಲವಾದ ಕಬ್ಬಿಣದ ತಟ್ಟೆ, ತಟ್ಟೆಯ ಅಂಚಿಗೂ ಹಲ್ಲು. ಚಕ್ರದ ಹಲ್ಲು ತಟ್ಟೆಯ ಹಲ್ಲನ್ನು ಕಚ್ಚಿ ಎಳೆದರೆ ತಟ್ಟೆ ವಾಲುತ್ತದೆ, ತಟ್ಟೆ ವಾಲಿದರೆ ಅದಕ್ಕೆ ಜೋಡಿಸಿದ ಸರಳು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಅಷ್ಟೇ. ವಕೀಲರ ಕಾರಿನಲ್ಲಿ ಕೂತು ಊಟಿಗೆ ಹೋಗುತ್ತಿದ್ದಾಗ ನನ್ನ ಕೈಕೆಳಗೆ ನಡೆಯುತ್ತಿದ್ದದ್ದೂ ಹೆಚ್ಚು ಕಡಿಮೆ ಇಂಥದ್ದೇ ಇರಬೇಕು. ತಿಳಿದುಕೊಳ್ಳಲು ಇಷ್ಟು ವರ್ಷ ಹಿಡಿಯಿತು.

ತಟ್ಟೆಯನ್ನು ಬಿಚ್ಚಿ ಬೆಳಕಿಗೆ ತಂದೆ. ಬಲಕ್ಕೆ ತಿರುಗುವಾಗ ಕಚ್ಚುವ ಅರ್ಧದಲ್ಲಿ ಹಲ್ಲುಗಳೆಲ್ಲ ಸವೆದು ಬೋಳಾಗಿದ್ದವು. ಇನ್ನರ್ಧದ ಹಲ್ಲು ಅಂಗಡಿಯಿಂದ ಈಗ ತಂದಂತಿದ್ದವು. ನನ್ನ ಕಿಟಕಿಯಲ್ಲಿರುವ ಬುಶ್ ಕೂಡ ಅಲ್ಲಿಯದೇ, ಅದೂ ಒಂದೇ ಕಡೆ ಸವೆದಿತ್ತು. ನನ್ನೊಳಗಿನ ಪತ್ತೇದಾರಿಣಿ ಎದ್ದು ಕೂತಳು. ಅತ್ತೆ ಯಾವಾಗಲೂ ಬಲಸುತ್ತಾಗಿಯೇ ಹುಲ್ಲು ಕತ್ತರಿಸುತ್ತಾರೆ, ನಿಜ. ಆದರೆ ನಮ್ಮ ಹಿತ್ತಿಲು ಉದ್ದನೆಯದು. ತಿರುಗುವುದು ಮೂಲೆಗಳಲ್ಲಿ ಮಾತ್ರ, ಉಳಿದದ್ದೆಲ್ಲ ನೆಟ್ಟಗಿನ ಓಟ. ಅಷ್ಟಕ್ಕೇ ಹಲ್ಲು ಹೀಗೆ ಸವೆಯಲು ಸಾಧ್ಯವಿಲ್ಲ. ಯಾರೋ ಸ್ಟೀರಿಂಗನ್ನು ಬಲಕ್ಕೇ ಹಿಡಿದುಕೊಂಡು ಗಂಟೆಗಟ್ಟಲೆ ಸಣ್ಣ ಸುತ್ತು ಹಾಕಿದ್ದಾರೆ. ಪೆಟ್ರೋಲು ಯಾಕಿಷ್ಟು ಬೇಗ ಮುಗಿಯುತ್ತದೆ ಎಂದು ಗಿರೀಶ ಹೋದ ವರ್ಷ ಗೊಣಗಿದ್ದೂ ನೆನಪಾಯಿತು.

ಉತ್ತರ ಬೇಲಿಯಾಚೆಯಿಂದಲೇ ಬಂತು. ಕ್ಯಾರಲ್, ಕೆಲಸದಿಂದ ನಿವೃತ್ತರಾದವರು, ಅತ್ತೆ ಕೋಸಂಬರಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಹಿಂದಿರುಗಿಸಲು ಬಂದರು. ಡಬ್ಬಿ ಖಾಲಿ ಕೊಡಬಾರದೆಂದು ಅತ್ತೆಯಿಂದ ಅವರೂ ಕಲಿತಿದ್ದಾರೆ, ಒಳಗೆ ಮನೆಯಲ್ಲೇ ಬೇಯಿಸಿದ ಬ್ರೆಡ್ಡಿತ್ತು. ನೆಲದ ಮೇಲೆ ಹರಡಿದ್ದ ನಟ್ಟು ಬೋಲ್ಟುಗಳನ್ನು ನೋಡಿ, "ಗಾಡಿ ಗುರುವಾರದೊಳಗೆ ಸರಿಯಾಗುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗುರುವಾರ ಯಾಕೆ?"

"ನೀವಿಬ್ಬರೂ ಆಫೀಸಿಗೆ ಹೋದ ಮೇಲೆ ನಿಮ್ಮ ಅತ್ತೆ ಬರುತ್ತಾರಲ್ಲ. ಬ್ಲೇಡು ಎತ್ತಿಟ್ಟುಕೊಂಡು ಆ ಅಂಜೂರದ ಮರದ ಸುತ್ತ ನಿಧಾನವಾಗಿ ಸುತ್ತುತ್ತಾರೆ. ತುಟಿ ಅಲ್ಲಾಡುತ್ತಿರುತ್ತದೆ. ನಾನು ಕೈ ಬೀಸುತ್ತೇನೆ, ಅವರು ತಲೆ ಮಾತ್ರ ಆಡಿಸುತ್ತಾರೆ. ನಿಮಗೆ ಗೊತ್ತಿಲ್ಲವೇ?"

ಗೊತ್ತಿರಲಿಲ್ಲ. ಕ್ಯಾರಲ್ ಇನ್ನೊಂದು ವಿಷಯವನ್ನೂ ಹೇಳಿದರು. ಕತ್ತರಿಸಿದ ಹುಲ್ಲು ಗಾಡಿಯ ಬಲಗಡೆಯಿಂದ ಹೊರಬೀಳುತ್ತದೆ. ಹಾಗಾಗಿ ಅವರೆಲ್ಲ ಎಡಸುತ್ತಾಗಿ ಹೋಗಿ, ಕತ್ತರಿಸಿ ಮುಗಿದ ಜಾಗಕ್ಕೆ ಹುಲ್ಲು ಬೀಳುವಂತೆ ನೋಡಿಕೊಳ್ಳುತ್ತಾರೆ. ನಾವು ಬಲಸುತ್ತಾಗಿ ಹೋಗಿ, ಇನ್ನೂ ಕತ್ತರಿಸದ ಹುಲ್ಲಿನ ಮೇಲೇ ಉದುರಿಸಿಕೊಂಡು, ಅದನ್ನೇ ಮತ್ತೆ ಕತ್ತರಿಸುತ್ತೇವೆ. "ಭಾರತದಲ್ಲಿ ಹಾಗೇ ಮಾಡುತ್ತಾರೇನೋ ಅಂದುಕೊಂಡು ಇಷ್ಟು ದಿನ ಹೇಳಲಿಲ್ಲ" ಎಂದರು. ಭಾರತದಲ್ಲಿ ಆರತಿ ತಟ್ಟೆಯಿಂದ ಹಿಡಿದು ಬೀಸುಕಲ್ಲಿನವರೆಗೆ ಬಹುಪಾಲು ಎಲ್ಲವೂ ಬಲಸುತ್ತೇ ಎಂದು ವಿವರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ನನ್ನ ಮನಸ್ಸು ಆಗಲೇ ಕಿಟಕಿಯ ಬಳಿಯ ಕುರ್ಚಿಗೆ ಹೋಗಿಯಾಗಿತ್ತು.

ಗ್ರೀಸಿನ ಕೈಯಲ್ಲೇ ಒಳಗೆ ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತೆ. "ಅತ್ತೆ, ಗುರುವಾರ ಅಂಜೂರದ ಮರ ಸುತ್ತುತಿದ್ರಂತೆ. ನನಗೆ ಹೇಳಲೇ ಇಲ್ಲ ನೀವು."

"ನಮ್ಮೂರಾಗ ದತ್ತನ ಗುಡಿ ಹಿಂದ ಅತ್ತಿಗಿಡ ಇತ್ತವ್ವ. ಗುರುವಾರಕ್ಕೊಮ್ಮೆ ನಾ ನಡಕೊಂಡು ಹೋಗಿ ಸುತ್ತ ಹಾಕಿ ಬರತಿದ್ದೆ" ಎಂದರು.

"ಇದು ಅತ್ತಿ ಅಲ್ವಲ್ಲ ಅತ್ತೆ, ಅಂಜೂರ."

"ಗೊತ್ತೈತಿ ನಂಗ. ಎಲಿ ಮುರದ್ರ ಹಾಲು ಬರತೈತಿ, ಹೂವು ಕಾಣದಂಗ ಕಾಯಿ ಬಿಡತೈತಿ. ಅತ್ತಿ ಬಳಗದ್ದ ಅದು. ದತ್ತ ಅಷ್ಟಕ್ಕ ಸಿಟ್ಟಾಗೂದಿಲ್ಲ."

"ಏನಾದ್ರೂ ಹರಕೆ ಇತ್ತಾ?"

ಅತ್ತೆ ನನ್ನ ಕಡೆ ತಿರುಗಿದರು. "ಹರಕಿ ಗಿರಕಿ ಏನಿಲ್ಲ. ಊರಾಗ ಅಲ್ಲಿಗಿ ಅಷ್ಟ ನಾ ಒಬ್ಬಾಕೀನ ಹೋಗತಿದ್ದೆ. ದೇವರ ಕೆಲಸ ಅಂದ್ರ ಯಾರೂ ಬ್ಯಾಡ ಅಂತಿರಲಿಲ್ಲ, ಜೋಡಿ ಯಾರೂ ಬರತಿರಲಿಲ್ಲ. ಇಲ್ಲೆ ಎಲ್ಲಿಗಿ ಹೋಗಬೇಕಂದ್ರೂ ನಿಮ್ಮ ಕಾರಿನ್ಯಾಗ ಹಿಂದ ಕುಂಡರಬೇಕು. ನೀವು ಒಂದ ದಿನ ಒಲ್ಲೆ ಅಂದಿಲ್ಲ, ಸುಳ್ಳ್ಯಾಕ ಹೇಳ್ಲಿ. ಆದ್ರ ಕೇಳಬೇಕಲ್ಲ. ಆ ಗಿಡಕ್ಕ ಹೋಗಾಕ ಯಾರನ್ನೂ ಕೇಳಬೇಕಾಗಿದ್ದಿಲ್ಲ ನಾ."

ಅತ್ತೆಯನ್ನು ದೇವಸ್ಥಾನಕ್ಕೆ, ಮುಕಿಲ್ಟಿಯೊ ದಡದಲ್ಲಿ ಫೆರ್ರಿ ದೋಣಿ ನೋಡಲಿಕ್ಕೆ, ಯಾರ್ಯಾರದೋ ಸತ್ಯನಾರಾಯಣ ಪೂಜೆಗೆ ಎಂದು ಎಲ್ಲ ಕಡೆಗೂ ಕರೆದುಕೊಂಡು ಹೋಗುತ್ತೇವೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಕರೆದುಕೊಂಡು ಹೋಗುವುದೇ ಬೇರೆ, ಹೋಗುವುದೇ ಬೇರೆ ಎಂದು ಹೊಳೆದಿರಲಿಲ್ಲ.

ಅವತ್ತು ಮಧ್ಯಾಹ್ನವೆಲ್ಲ ತಟ್ಟೆಗಾಗಿ ಹುಡುಕಾಡಿದೆ. ಬುಶ್ ಸಿಕ್ಕಿತು, ರೆಂಟನ್ನಿನ ಅಂಗಡಿಯಲ್ಲೇ ಇತ್ತು. ತಟ್ಟೆ ಮಾತ್ರ ಎಲ್ಲೂ ಇಲ್ಲ. ಈ ಗಾಡಿ ತಯಾರಿಸುವುದನ್ನೇ ನಿಲ್ಲಿಸಿ ಬಹಳ ಕಾಲವಾಯಿತಂತೆ. ಹಳೆಯ ಮಾಲೀಕರು ಅದನ್ನು ಯಾಕೆ ಬಿಟ್ಟುಹೋದರೆಂದು ಆಗ ತಿಳಿಯಿತು. ಸೋತು ಅಡುಗೆಮನೆಗೆ ಬಂದು ರಾತ್ರಿಯ ಊಟಕ್ಕೆ ಚಪಾತಿ ಬೇಯಿಸತೊಡಗಿದೆ. ಹೆಂಚಿನ ಮೇಲಿನ ಚಪಾತಿಯನ್ನು ಮಗುಚಿದವಳು ಹಾಗೇ ನಿಂತೆ. ತಟ್ಟೆಯೂ ಚಪಾತಿಯಷ್ಟೇ ಚಪ್ಪಟೆಯಾಗಿತ್ತು. ಎರಡು ಕಡೆಯೂ ಒಂದೇ ಥರದ ತೂತು, ಒಂದೇ ಅಳತೆ. ಮಗುಚಿ ಹಾಕಿದರೆ ಬಲಗಡೆಯ ಬೋಳು ಹಲ್ಲು ಎಡಕ್ಕೆ ಹೋಗುತ್ತದೆ, ಎಡಗಡೆಯ ಹೊಸ ಹಲ್ಲು ಬಲಕ್ಕೆ ಬರುತ್ತದೆ. ಚಪಾತಿ ಸೀದುಹೋಯಿತು. ನಾನು ಶೆಡ್ಡಿಗೆ ಓಡಿದೆ.

ಗಿರೀಶ ಬಂದು ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಕೂರತ್ತೆ. ಆದ್ರೆ ಇನ್ಮೇಲೆ ಎಡಕ್ಕೆ ತಿರುಗಲ್ವಲ್ಲ ಸುಧಾ. ಇದೆಂಥ ರಿಪೇರಿ?"

"ಎಡಕ್ಕೆ ಯಾರು ತಿರುಗಿಸ್ತಾರೆ?"

ಅತ್ತೆ ಹೇಳಿದ್ದನ್ನೆಲ್ಲ ಆಗ ಅವನಿಗೂ ಹೇಳಿದೆ. ಕೇಳಿಸಿಕೊಂಡು, ತಟ್ಟೆಯ ಹಲ್ಲುಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದ. "ನಾನು ನಕ್ಕುಬಿಟ್ನಲ್ಲ" ಎಂದ. ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಕಾಯುತ್ತಿದ್ದ.

ಮೊದಲ ಪ್ರಯತ್ನದಲ್ಲಿ ಸರಳನ್ನು ತಪ್ಪು ತೂತಿಗೆ ಸಿಕ್ಕಿಸಿ, ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಗಾಲಿ ಎಡಕ್ಕೆ ತಿರುಗುವ ಅಪೂರ್ವ ಗಾಡಿಯೊಂದನ್ನು ತಯಾರಿಸಿದೆವು. ರೆಕ್ಕೆಯ ಎಂಜಿನಿಯರು ಅದು ನನ್ನ ತಪ್ಪೆಂದ, ನಾನು ಅವನದೆಂದೆ. ಮತ್ತೆ ಬಿಚ್ಚಿ, ಸರಿಯಾದ ತೂತಿಗೆ ಸಿಕ್ಕಿಸಿ, ಹೊಸ ಬುಶ್ ಕೂರಿಸಿ, ಹಲ್ಲುಗಳಿಗೆ ದಪ್ಪಗೆ ಗ್ರೀಸು ಬಳಿದೆವು. ಗಿರೀಶ ಹತ್ತಿ ಬಲಕ್ಕೆ ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ಎಡಕ್ಕೆ ತಿರುಗಿಸಿದ. ಕಟಕಟ ಎಂದಿತು. ಇಳಿದು ಬೀಗದಕೈಯನ್ನು ಅವ್ವನ ಕೈಗೆ ಕೊಟ್ಟ. "ಬಲಕ್ಕ ಅಷ್ಟ ಹೊಳ್ಳತೈತಿ ಅವ್ವ. ಎಡಕ್ಕ ಹೋಗಬೇಕಂದ್ರ ನನ್ನ ಕರಿ, ತಳ್ಳತೀನಿ."

"ಕರಿಯೂದಿಲ್ಲ ಬಿಡು" ಎಂದರು ಅತ್ತೆ.

ಆ ಗುರುವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಆಫೀಸಿಗೆ ತಿಳಿಸಿದ್ದೆ. ರಿಪೇರಿ ಮಾಡಿದವಳಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಅತ್ತೆ ಸ್ನಾನ ಮಾಡಿ, ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕ್ಯಾನ್ವಾಸ್ ಶೂ ಕಟ್ಟಿಕೊಂಡು ಬಂದರು. ನಾನು ಅವರ ಕೈ ಹಿಡಿದು ಹತ್ತಿಸಿ, ಹಿಂಬಾಗಿಲ ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತೆ. ಏನಾದರೂ ಆದರೆ ಓಡಲು ತಯಾರಾಗಿ ಚಪ್ಪಲಿಯನ್ನೂ ಹಾಕಿಕೊಂಡಿದ್ದೆ. ಅತ್ತೆ ಎಂಜಿನ್ ಶುರುಮಾಡಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು.

"ನೀ ಒಳಗ ನಡಿ ಸುಧಾ."

"ಇರ್ಲಿ ಅತ್ತೆ, ಸುಮ್ನೆ ನೋಡ್ತಿರ್ತೀನಿ."

"ನೀ ನೋಡಕೋತ ನಿಂತ್ರ, ನೀನ ಕರಕೊಂಡ ಹೋದಂಗ ಆಗತೈತಿ."

ನಾನು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಅತ್ತೆಯ ದನಿ ಬಂತು. ಬೀದಿಗೆ ಹೊರಟವರು ಹೊಸಿಲಿನಲ್ಲಿ ನಿಂತು ಮನೆಯವರಿಗೆ ಹೇಳುವ ಮಾತು ಅದು. ಈ ಮನೆಯಲ್ಲಿ ನಾನೂ ಗಿರೀಶನೂ ಅದನ್ನು ದಿನಾ ಬೆಳಿಗ್ಗೆ ಅವರಿಗೆ ಹೇಳುತ್ತೇವೆ. ಅವರು ನಮಗೆ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ಹೋಗಿ ಬರತೀನವ್ವ."

ಹುಷಾರು ಎನ್ನಲು ಬಾಯಿ ತೆರೆದವಳು, ಆ ಮಾತನ್ನು ನುಂಗಿಕೊಂಡು, "ಹೋಗಿ ಬನ್ನಿ ಅತ್ತೆ" ಎಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.